ಸಾಲಿನ ಮಾಹಾತ್ಮ್ಯ

“ಶಾಸ್ತ್ರಿಗಳೇ, 1955ರಲ್ಲಿ ಕ್ಯಾಲಿಫೋರ್ನಿಯದ ಅನಾಹೈಮಿನಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡಿನೊಳಗೆ, ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ‘ಸ್ಪೇಸ್ ಮೌಂಟನ್’ ಎಂಬ ಬಂಡಿವಿಹಾರಕ್ಕಾಗಿ, ಸರ್ಪಾಕಾರವಾಗಿ ಸುತ್ತಿಸಿದ ಸಾಲಿನಲ್ಲಿ ಜನರು ತಾಸುಗಟ್ಟಲೆ ನಿಲ್ಲುವರಂತೆ!”

“ದರ್ಶನ ಕ್ಷಣಮಾತ್ರದ್ದಾದರೂ ತಪಸ್ಸು ದೀರ್ಘವಾಗಿರಬೇಕಷ್ಟೆ, ರಾಯರೇ.”

“1999ರಲ್ಲಿ ‘ಫಾಸ್ಟ್‌ಪಾಸ್’ ಎಂಬ ಚೀಟಿಯನ್ನು ಉಚಿತವಾಗಿ ಕೊಟ್ಟು, ನಿಯತಕಾಲಕ್ಕೆ ಬಂದವರನ್ನು ಪ್ರತ್ಯೇಕ ದ್ವಾರದಿಂದ ಒಳಬಿಡುವ ಪದ್ಧತಿಯನ್ನು ತಂದವರು, 2021ರಲ್ಲಿ ಅದನ್ನು ವಿಸರ್ಜಿಸಿ, ಅದೇ ಸೌಕರ್ಯಕ್ಕೆ ಹಣ ತೆರುವ ವ್ಯವಸ್ಥೆಯನ್ನು ಪ್ರತಿಷ್ಠಾಪಿಸಿದರು.”

“ಹಣ ತೆತ್ತವನು ಕಾಯಬೇಕಾಗಿಲ್ಲವೋ?”

“ತುಸು ಕಾಯಬೇಕು, ಆದರೆ ತನಗಿಂತ ಹೆಚ್ಚು ಕಾಯುವವರನ್ನು ನೋಡುತ್ತ ಸಾಗುವ ಸುಖ ಅವನಿಗೆ ಲಭಿಸುತ್ತದೆ.”

“ತೆರದವನಿಗೆ?”

“ಬಂಡಿಯ ಆಸನಗಳೇನೂ ಹೆಚ್ಚಲಿಲ್ಲವಾದ್ದರಿಂದ, ಅವನ ಸಾಲು ಮತ್ತಷ್ಟು ಮಂದಗತಿ.”

ಶಾಸ್ತ್ರಿಗಳು ನಶ್ಯವೇರಿಸಿದರು. “ನಿಮ್ಮ ಅಳಿಯಂದಿರು ಯಾವುದನ್ನು ಕೊಂಡಿದ್ದಾರೆ?”

“ಹಣದ್ದನ್ನೇ, ಮಕ್ಕಳೆಲ್ಲರಿಗೂ. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಅವರ ಚೀಲಗಳನ್ನು ಕಾಯಬೇಕಂತೆ.”