ಒಂದು-ಹೋದ್ರೆ ರಾಯರು

ಕೊಡಿಯಾಲ್‌ಬೈಲಿನಿಂದ ಕಂಕನಾಡಿವರೆಗೆ ಯಾವ ಸೊಸೈಟಿಯ ಪ್ರಧಾನ ಕಚೇರಿಗೆ ಹೋಗಿ, ಯಾವ ಆಸ್ಪತ್ರೆಯ ಬಿಲ್ ಕೌಂಟರಿನ ಹಿಂದಿನ ಬಾಗಿಲು ತಳ್ಳಿ, ಇವರೊಬ್ಬರು ಇದ್ದೇ ಇರುತ್ತಾರೆ. ಹೆಸರು ಬೇರೆ, ಮನೆಮಾತು ಬೇರೆ, ಮಾತು ಮಾತ್ರ ಒಂದೇ: "ಅದೆಲ್ಲ ಸರಿ ಮಾರಾಯ್ರೆ, ಒಂದು ಹೋದ್ರೆ?" ನನಗೆ ಗುರ್ತದ ಒಬ್ಬರಿಗೆ ಸ್ಟಾಫಿನವರು ಇಟ್ಟ ಹೆಸರೇ ಒಂದು-ಹೋದ್ರೆ ರಾಯರು. ಹುದ್ದೆ ಸಿಸ್ಟಮ್ ಮ್ಯಾನೇಜರ್. ಅಂಗಿಯ ಕಿಸೆಯಲ್ಲಿ ಎರಡು ಪೆನ್ನು, ಮೊಬೈಲಿನಲ್ಲಿ ಎರಡು ಕಂಪನಿಯ ಸಿಮ್ಮು. ತುಂಬೆ ಡ್ಯಾಮಿನ ನೀರು ಮನೆಯ ನಳ್ಳಿಗೆ ಬಂದು ಎಷ್ಟೋ ವರ್ಷವಾದರೂ ಹಿತ್ತಲ ಬಾವಿ ಮುಚ್ಚಲು ಬಿಟ್ಟವರಲ್ಲ. ಬೆಂಗಳೂರಿಗೆ ಹೊರಟರೆ ರೈಲಿಗೊಂದು, ಬಸ್ಸಿಗೊಂದು ಟಿಕೆಟ್. ಕ್ಯಾನ್ಸಲ್ ಮಾಡಿ ಕಳಕೊಂಡ ದುಡ್ಡಿಗೆ ಅವರು ಇಟ್ಟ ಹೆಸರು ಇನ್ಶೂರೆನ್ಸ್.

ಇಂಥವರ ಕೈಗೆ ಸೊಸೈಟಿಯ ಸರ್ವರ್ ಸಿಕ್ಕಿದರೆ ಕೇಳಬೇಕೆ? ಹಳೆ ಲೆಡ್ಜರ್ ತುಂಬಿಡುತ್ತಿದ್ದ ಕೋಣೆ ಖಾಲಿಯಾಯಿತು, ಎರಡು ಏಸಿ ಬಂತು, ಎರಡು ಯುಪಿಎಸ್ ಬಂತು. ನೋಡಲು ಬಂದವರಿಗೆ ರ್‍ಯಾಕಿನ ಮುಂದೆ ಮಿನುಗುವ ದೀಪಗಳೇ ಚಂದ. ರಾಯರು ಮಾತ್ರ "ಅಲ್ಲಿ ಎಂತದೂ ಇಲ್ಲ, ಹಿಂದೆ ಬನ್ನಿ" ಎಂದು ಗೋಡೆಗೂ ರ್‍ಯಾಕಿಗೂ ನಡುವೆ ಅಡ್ಡಡ್ಡ ನುಗ್ಗಿಸಿ, ಮೊಬೈಲ್ ಟಾರ್ಚ್ ಹಾಕಿ ತೋರಿಸುತ್ತಾರೆ. ಸ್ಟೋರೇಜ್ ಪೆಟ್ಟಿಗೆಯ ಬೆನ್ನಲ್ಲಿ ಒಂದರ ಮೇಲೊಂದು ಎರಡು ಕಂಟ್ರೋಲರ್. ಎ-ಗೆ ಹಳದಿ ಟೇಪಿನ ಕೇಬಲ್, ಬಿ-ಗೆ ನೀಲಿ. ಹಳದಿ ಹೋಗುವುದು ಸರ್ವರಿನ ಒಂದು ಕಾರ್ಡಿಗೆ, ನೀಲಿ ಇನ್ನೊಂದಕ್ಕೆ. ಎರಡನ್ನೂ ಒಂದೇ ಕಾರ್ಡಿಗೆ ಚುಚ್ಚಿದ ಕಡೆಗಳನ್ನು ಅವರು ನೋಡಿದ್ದಾರಂತೆ. ಆ ಸುದ್ದಿ ಹೇಳುವಾಗ ಸ್ವರ ತಗ್ಗುತ್ತದೆ. ಡಿಸ್ಕ್ ಸಾಟಾ ಆಗಕೂಡದು, ಸ್ಯಾಸ್ ಆಗಬೇಕು, ಯಾಕೆಂದರೆ ಸಾಟಾಕ್ಕೆ ಪೋರ್ಟ್ ಒಂದೇ, ಸ್ಯಾಸಿಗೆ ಎರಡು. "ಕಂಟ್ರೋಲರ್ ಎರಡಿದ್ದು ಡಿಸ್ಕಿಗೆ ದಾರಿ ಒಂದೇ ಆದ್ರೆ ಎಂತ ಮಾಡುವುದು, ಆರತಿ ಎತ್ತುವುದಾ?"

ದಾರಿ ಎರಡಾದರೆ ಒಂದು ತಮಾಷೆ ಉಂಟು. ಒಂದೇ ಡಿಸ್ಕ್ ಸರ್ವರಿಗೆ ಎರಡು ಹೆಸರಲ್ಲಿ ಕಾಣುತ್ತದೆ. ಹೊಸದಾಗಿ ಸೇರಿದ ಹುಡುಗ ಅದನ್ನು ನೋಡಿ, "ಸರ್, ಜಾಗ ಡಬಲ್ ಆಯ್ತು!" ಎಂದು ಕುಣಿದ. ಎರಡೂ ಹೆಸರು ಒಬ್ಬನದ್ದೇ ಎಂದು ಮಲ್ಟಿಪಾತ್ ತಂತ್ರಾಂಶಕ್ಕೆ ತಿಳಿಸಿಕೊಟ್ಟ ಮೇಲೆಯೇ ಡಿಸ್ಕನ್ನು ಮುಟ್ಟಬೇಕು. ಇಲ್ಲದಿದ್ದರೆ ಎರಡು ಕಡೆಯಿಂದ ಬರೆದು ಠೇವಣಿದಾರರ ಲೆಕ್ಕವೆಲ್ಲ ಚಿತ್ರಾನ್ನ. ರಾಯರು ಹುಡುಗನನ್ನು ಕೂರಿಸಿ, 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್ ಬಗ್ಗೆ ಲೇಖನ ಬರೆದಲ್ಲಿಂದ ಶುರುಮಾಡಿದರು. ಅಗ್ಗದ ಡಿಸ್ಕುಗಳು ಎಂದೇ ಆ ಲೇಖನದ ತಲೆಬರಹದಲ್ಲಿತ್ತು. ಸೊಸೈಟಿಗೆ ಬಂದ ಕೊಟೇಶನ್ ನೋಡಿದ್ದ ಅಧ್ಯಕ್ಷರ ಎದುರು ಮಾತ್ರ ರಾಯರು ಆ ವಿಷಯ ಎತ್ತಲಿಲ್ಲ.

ಎರಡಿದ್ದರೆ ಸಾಲದು ಎಂಬುದೂ ಅವರಿಗೆ ಗೊತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಶಿರಾಡಿ, ಸಂಪಾಜೆ ಘಾಟಿಯ ದಾರಿಗಳೆರಡೂ ಒಟ್ಟಿಗೇ ಮುಚ್ಚಿದಾಗ ಊರೆಲ್ಲ ಮಳೆಗೆ ಬೈದರೆ, ಇವರು ಸರ್ವರ್ ಕೋಣೆಗೆ ಹೋಗಿ ಎರಡೂ ಕಂಟ್ರೋಲರಿನ ಕರೆಂಟು ಎಲ್ಲಿಂದ ಬರುತ್ತದೆಂದು ವಯರು ಹಿಡಿದು ಹುಡುಕಿದರು. "ದಾರಿ ಎರಡಿದ್ರೆ ಆಗ್ಲಿಲ್ಲ, ಎರಡರ ಮೇಲೂ ಒಂದೇ ಮಳೆ ಬೀಳ್ಬಾರ್ದು." ಮಾತು ಸರಿಯಾದದ್ದೇ. ಆದರೆ ಅದನ್ನು ಮದುವೆ ಊಟದ ಪಂಕ್ತಿಯಲ್ಲೂ ಹೇಳುತ್ತಾರೆ.

ಉದ್ಘಾಟನೆಯ ದಿನ ಅಧ್ಯಕ್ಷರು ದೀಪ ಬೆಳಗಿಸಿದ ಮೇಲೆ, ರಾಯರು ಎಲ್ಲರೆದುರು ಕೊಂಡಿ ಸರಿಸಿ ಕಂಟ್ರೋಲರ್ ಬಿ-ಯನ್ನು ಹೊರಗೆಳೆದೇ ಬಿಟ್ಟರು. ಕೌಂಟರಿನಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಬೀಳುತ್ತಲೇ ಇತ್ತು. ರಾಯರು ಬೆವರು ಒರೆಸಿಕೊಂಡು ನಕ್ಕರು. "ಆಯ್ತಾ? ಇನ್ನು ಎಂತ ಆಗ್ಬೇಕು?" ಎಂದು ಅಧ್ಯಕ್ಷರು ಕಾದು ನಿಂತರು.

ಕೊನೆಗೂ ಒಂದು ಹೋಯಿತು. ಪತ್ತನಾಜೆಗೆ ಮುಂಚಿನ ಗುಡುಗಿಗೋ, ಪ್ರಾಯವಾಗಿಯೋ, ಒಂದು ರಾತ್ರಿ ಎ ಕಣ್ಣುಮುಚ್ಚಿತು. ಅದರ ಕೆಲಸವನ್ನೂ ಬಿ ಎತ್ತಿಕೊಂಡಿತು. ಬೆಳಿಗ್ಗೆ ರಾಯರು ಮಗಳ ಮದುವೆ ಮುಗಿಸಿದ ಯಜಮಾನನ ಹಾಗೆ ಟೇಬಲಿನಿಂದ ಟೇಬಲಿಗೆ ಓಡಾಡಿದರು.

"ನಿನ್ನೆ ರಾತ್ರಿ ಒಂದು ಹೋಯ್ತು!"

"ಹೌದಾ ಸರ್? ಎಂತಾಯ್ತು?"

"ಎಂತದೂ ಆಗ್ಲಿಲ್ಲ!"

ಕ್ಯಾಶಿಯರಮ್ಮ ಮುಂದಿನ ಟೋಕನ್ ಕರೆದರು.

ಆಗಿದ್ದು ಸಂಜೆಗೆ. ಕಂಟ್ರೋಲರ್ ಎರಡಿದ್ದಾಗ ಬಂದ ಲೆಕ್ಕವನ್ನು ಎರಡೂ ತಂತಮ್ಮ ಕ್ಯಾಶ್ ಮೆಮೊರಿಯಲ್ಲಿ ಒಂದೊಂದು ಪ್ರತಿ ಇಟ್ಟುಕೊಂಡು, ಕೂಡಲೇ "ಆಯ್ತು" ಎನ್ನುತ್ತವೆ. ಡಿಸ್ಕಿಗೆ ಇಳಿಸುವುದು ಸಾವಕಾಶ. ಜತೆಗಾರ ಹೋದ ಮೇಲೆ ಉಳಿದದ್ದಕ್ಕೆ ಧೈರ್ಯ ಸಾಲದು. ಪ್ರತಿಯೊಂದನ್ನೂ ಡಿಸ್ಕಿಗೆ ಬರೆದ ಮೇಲೆಯೇ "ಆಯ್ತು" ಹೇಳುತ್ತದೆ. ಆ ಹೊತ್ತಿಗೇ ಪಿಗ್ಮಿಯವರು ದಿನದ ಕಲೆಕ್ಷನ್ ಮುಗಿಸಿ, ಕೈಮೆಶಿನ್ ಹಿಡಿದು ಸಾಲಾಗಿ ಬಂದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿದಂದಿನಿಂದ ಈ ಕರಾವಳಿಯಲ್ಲಿ ಪಿಗ್ಮಿಯವರಿಗಿಂತ ಅವಸರದ ಜನ ಇಲ್ಲ. "ಸರ್ವರ್ ಸ್ಲೋ ಸರ್, ಕಡೇ ಬಸ್ಸು ಹೋಗ್ತದೆ" ಎಂದು ಗಲಾಟೆ. ರಾತ್ರಿ ಪೂರ್ತಿ ಬಿದ್ದುಹೋಗದ ಸರ್ವರಿಗೆ ಒಂದು ಶಹಬ್ಬಾಸ್ ಸಿಕ್ಕಿರಲಿಲ್ಲ. ಸಂಜೆ ತಡವರಿಸಿದ್ದಕ್ಕೆ ಬೈಗಳು ಧಾರಾಳ ಸಿಕ್ಕಿತು.

ಹೊಸ ಕಂಟ್ರೋಲರಿನ ಕೊಟೇಶನ್ ಆಡಳಿತ ಮಂಡಳಿಗೆ ಹೋಗುವಷ್ಟರಲ್ಲಿ ಆಟಿ ತಿಂಗಳು ಬಂದಿತ್ತು. ಅಡಿಕೆ ವ್ಯಾಪಾರದ ನಿರ್ದೇಶಕರೊಬ್ಬರು ಕನ್ನಡಕ ಏರಿಸಿದರು.

"ಈಗ ಒಂದರಲ್ಲೇ ನಡೀತಾ ಉಂಟಲ್ಲ ರಾಯರೆ?"

"ಹೌದು, ಆದ್ರೆ..."

"ಎರಡು ತಿಂಗಳಿಂದ?"

"ಹೌದು."

"ಹಾಗಾದ್ರೆ ಮೊದ್ಲು ಎರಡು ತಗೊಂಡದ್ದು ಯಾಕೆ?"

ರಾಯರು ಬಾಯಿ ತೆರೆದರು, ಮುಚ್ಚಿದರು. ಜೀವಮಾನವಿಡೀ ಕೇಳಿದ ಪ್ರಶ್ನೆಗೆ ಉತ್ತರ ಬಂದುಬಿಟ್ಟಿತ್ತು: ಒಂದು ಹೋದ್ರೆ ಎಂತದೂ ಆಗುವುದಿಲ್ಲ. ಸಾವರಿಸಿಕೊಂಡು "ಇನ್ನೊಂದು ಹೋದ್ರೆ?" ಎಂದರಾದರೂ, ಅಭ್ಯಾಸವಿಲ್ಲದ ಮಾತು, ಸ್ವರ ಹೊರಡಲಿಲ್ಲ. ಲೆಕ್ಕಪರಿಶೋಧಕರು ಅಷ್ಟರಲ್ಲಿ ಏನೋ ಬರೆದುಕೊಂಡಾಗಿತ್ತು.

ಮಂಡಳಿ ಕಟುಕರದ್ದಲ್ಲ. ಪಿಗ್ಮಿಯವರ ಗಲಾಟೆ ಅವರ ಕಿವಿಗೂ ಬಿದ್ದಿತ್ತು. ಚಹಾ, ಗೋಳಿಬಜೆ ಮುಗಿದ ಮೇಲೆ ನಿರ್ಣಯ ಸರ್ವಾನುಮತದಿಂದಲೇ ಆಯಿತು: ಹೊಸ ಕಂಟ್ರೋಲರ್ ಒಂದನ್ನು ಖರೀದಿಸುವುದು, ಅದು ಬಂದು ಕೂತ ಕೂಡಲೇ, ಈಗ ಓಡುತ್ತಿರುವ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಖರ್ಚು ತಗ್ಗಿಸುವ ಬಗ್ಗೆ ಸಿಸ್ಟಮ್ ಮ್ಯಾನೇಜರರು ವರದಿ ಸಲ್ಲಿಸುವುದು.