ಬಾರದ ಮಿತ್ರ

ಕಲೆಯನ್ನು ನೋಡುವುದಕ್ಕೆ ಕಣ್ಣೆರಡಿದ್ದರೆ ಸಾಕು ಎನ್ನುವವರು ಒಂಟಿಯಾಗಿ ಯಾವ ಚಿತ್ರಶಾಲೆಗೂ ಕಾಲಿಟ್ಟವರಲ್ಲ. ಕಣ್ಣುಗಳ ಜೊತೆಗೆ, ನಾವು "ಇದೇನು ಮಹಾ!" ಎಂದಾಗ ಪ್ರತಿಮಾತಾಡುವ, ಅದಿಲ್ಲದಿದ್ದರೆ ಕಡೆಯ ಪಕ್ಷ "ಹೂಂ" ಎನ್ನುವ ಪಕ್ಕದವರ ಬಾಯೊಂದು ಅವಶ್ಯವಾಗಿ ಬೇಕು, ಅದು ದೊರೆಯದ ಅಭಿಪ್ರಾಯಗಳು ಒಳಗೇ ಉಳಿದು, ಅಜೀರ್ಣವಾಗಿ, ರಾತ್ರಿಯ ನಿದ್ರೆಗೆ ಭಂಗ ತರುತ್ತವೆ. ಈ ತತ್ತ್ವವನ್ನು ಬಲ್ಲವನಾಗಿಯೂ ನಾನು ಮೆಲ್ಬರ್ನ್ ನಗರಕ್ಕೆ ಏಕಾಕಿಯಾಗಿ ಹೊರಟೆನಾದರೆ ಅದಕ್ಕೆ ಕಾರಣ ನನ್ನ ಧೈರ್ಯವಲ್ಲ, ನನ್ನಾಕೆಯ ಮಂಡಿನೋವು. "ಗೋಡೆ ಮೇಲೆ ಗೀಚಿರೋದನ್ನ ನೋಡೋದಕ್ಕೆ ಸಮುದ್ರ ದಾಟಬೇಕೆ? ನಮ್ಮ ಕಾಂಪೌಂಡು ಏನಾಗಿದೆ?" ಎಂದು ಆಕೆ ಕೇಳಿದಾಗ, ಕಲೆಯ ಸಾರ್ವತ್ರಿಕತೆಯನ್ನು ಕುರಿತು ನಾನೊಂದು ಸಣ್ಣ ಉಪನ್ಯಾಸ ಮಾಡಿದೆ. ಉಪನ್ಯಾಸ ಮುಗಿಯುವ ಹೊತ್ತಿಗೆ ಆಕೆಯ ಮಂಡಿನೋವು ಇನ್ನಷ್ಟು ಹೆಚ್ಚಾಗಿತ್ತು.

ಮೆಲ್ಬರ್ನಿನ ನಡುಪಟ್ಟಣದಲ್ಲಿ ದಾರಿ ತಪ್ಪಿಸಿಕೊಳ್ಳುವುದು ಕಷ್ಟ. ರಾಬರ್ಟ್ ಹಾಡಲ್ ಎಂಬ ಮೋಜಣಿದಾರ 1837ರಲ್ಲಿ ಗೆರೆ ಹಿಡಿದು ಹಾಕಿದ ಬೀದಿಗಳು ಇಂದಿಗೂ ಗೆರೆ ಮೀರಿಲ್ಲ. ಆ ಬೀದಿಗಳಲ್ಲಿ ಟ್ರಾಮು ಹತ್ತಿದರೆ ಕಾಸು ಕೇಳುವವರಿಲ್ಲ. ಹವೆಯೊಂದು ಮಾತ್ರ ಬೆಳಗಿನಿಂದ ಸಂಜೆಯೊಳಗೆ ನಾಲ್ಕು ಋತುಗಳನ್ನೂ ಪ್ರದರ್ಶಿಸಿ ಪ್ರವಾಸಿಯ ಚೀಲದಲ್ಲಿರುವ ಬಟ್ಟೆಗಳನ್ನೆಲ್ಲ ಮೈಮೇಲೆ ಬರಿಸುತ್ತದೆ. ಕಾಫಿಯ ವಿಷಯವನ್ನು ಎತ್ತುವುದಿಲ್ಲ; ಡಿಗ್ರೇವ್ಸ್ ಗಲ್ಲಿಯಲ್ಲಿ ಕುಡಿದದ್ದು ಚೆನ್ನಾಗಿತ್ತೆಂದು ಬರೆದರೆ ಊರಿನಲ್ಲಿ ನನ್ನ ನಿಷ್ಠೆಯನ್ನು ಶಂಕಿಸುವವರಿದ್ದಾರೆ. ನಾನು ಮೊದಲು ಹೋದದ್ದು ಗೋಡೆಚಿತ್ರಗಳಿಗೆ ಪ್ರಸಿದ್ಧವಾದ ಹೋಸಿಯರ್ ಲೇನಿಗೆ. ಬ್ಯಾಂಕ್ಸಿ ಎಂಬ ಜಗತ್ಪ್ರಸಿದ್ಧ ಅಜ್ಞಾತನು ಅಲ್ಲಿ ಬರೆದಿದ್ದ ಇಲಿಯೊಂದನ್ನು 2010ರಲ್ಲಿ ನಗರಸಭೆಯ ಕೆಲಸಗಾರರು ಅಳಿಸಿ ಶುಚಿಗೊಳಿಸಿದರಂತೆ. ಶುಚಿತ್ವಕ್ಕಾಗಿ ಜಗತ್ತಿನಾದ್ಯಂತ ಬೈಸಿಕೊಂಡ ನಗರಸಭೆ ಇದೊಂದೇ ಇರಬಹುದು. ಆದರೆ ನನಗೆ ಸಿಟ್ಟು ಬಂದದ್ದು ಅಳಿಸುವವರ ಮೇಲಲ್ಲ, ನೋಡುವವರ ಮೇಲೆ. ಅಥವಾ ನೋಡದವರ ಮೇಲೆ ಎನ್ನಬೇಕು. ಆ ಗಲ್ಲಿಯಲ್ಲಿ ನೆರೆದಿದ್ದವರೆಲ್ಲರೂ ಚಿತ್ರಗಳಿಗೆ ಬೆನ್ನು ಮಾಡಿ, ಕೈ ನೀಡಿ, ತಮ್ಮ ಮುಖಗಳನ್ನೇ ಫೋನಿನಲ್ಲಿ ಹಿಡಿಯುವುದರಲ್ಲಿ ಮಗ್ನರಾಗಿದ್ದರು. ಗೋಡೆಯ ಕಡೆ ಮುಖ ಮಾಡಿದ್ದ ಅಲ್ಪಸಂಖ್ಯಾತ ನಾನೊಬ್ಬನೇ. ನನ್ನನ್ನು ಪಕ್ಕಕ್ಕೆ ಸರಿಯಿರೆಂದು ಒಬ್ಬಳು ಹುಡುಗಿ ಬಹಳ ವಿನಯದಿಂದ ಕೇಳಿಕೊಂಡಳು.

ಈ ಬಗ್ಗೆ ನನ್ನಲ್ಲಿ ಉದಿಸಿದ ಪ್ರೌಢ ವಿಚಾರಗಳನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ, ಸ್ವಾನ್‌ಸ್ಟನ್ ಬೀದಿಯೂ ಬರ್ಕ್ ಬೀದಿಯೂ ಕೂಡುವ ಮೂಲೆಯಲ್ಲಿ ಚೀಲ ಹಿಡಿದು ನಿಂತಿರುವ ಮೂವರು ಲೋಹಪುರುಷರ ಬಳಿ ನಿಂತು ಗೊಣಗಿಕೊಂಡೆ. ಕಡ್ಡಿಯಂತೆ ಬಡಕಲಾದ ಆ ಮೂವರು ಬ್ಯಾಟ್‌ಮನ್, ಸ್ವಾನ್‌ಸ್ಟನ್, ಹಾಡಲ್ ಎಂಬ ನಗರಸ್ಥಾಪಕರು. (ಈ ಬ್ಯಾಟ್‌ಮನ್ ಸಿನಿಮಾದವನಲ್ಲ.) ಕಣ್ಣರಳಿಸಿ ಕೇಳಿದರು, ಹೂಂಗುಟ್ಟಲಿಲ್ಲ.

ಆ ಮನಃಸ್ಥಿತಿಯಲ್ಲಿ ನಾನು ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದ ಮುಂದೆ ಬಂದದ್ದು. 1910ರಲ್ಲಿ ಮುಗಿದ ಆ ಹಳದಿ ಕಟ್ಟಡದ ಹೆಬ್ಬಾಗಿಲಿನ ಮೇಲೆ ಸಾಲಾಗಿ ಗಡಿಯಾರಗಳಿವೆ. ಒಂದೊಂದು ಗಡಿಯಾರವೂ ಒಂದೊಂದು ದಿಕ್ಕಿನ ಮುಂದಿನ ರೈಲು ಹೊರಡುವ ವೇಳೆಯನ್ನು ತೋರಿಸುವುದರಿಂದ ಯಾವೆರಡೂ ತಮ್ಮೊಳಗೆ ಒಪ್ಪುವುದಿಲ್ಲ. 1983ರಲ್ಲಿ ಅಧಿಕಾರಿಗಳು ಅವುಗಳನ್ನು ತೆಗೆದುಹಾಕಲು ಹೊರಟಾಗ ಊರೇ ಗದ್ದಲವೆಬ್ಬಿಸಿ ಉಳಿಸಿಕೊಂಡಿತು. ಏಕೆಂದರೆ "ಗಡಿಯಾರಗಳ ಕೆಳಗೆ ಸಿಗೋಣ" ಎಂಬುದು ಆ ನಗರದ ತಲೆತಲಾಂತರದ ಸಂಕೇತ. ಪ್ರಣಯಿಗಳು, ಸಹಪಾಠಿಗಳು, ಸಾಲ ಕೊಟ್ಟವರು, ಸಾಲ ತೆಗೆದುಕೊಂಡವರು, ಎಲ್ಲರೂ ಅಲ್ಲಿಯ ಮೆಟ್ಟಿಲುಗಳ ಮೇಲೆ ಕಾಯುತ್ತಾರೆ. ನಾನೂ ದಣಿವಾರಿಸಿಕೊಳ್ಳಲು ನಿಂತೆ. ನಿಂತ ಸ್ವಲ್ಪ ಹೊತ್ತಿಗೆ, ಅಷ್ಟು ಜನರ ನಡುವೆ ಯಾರನ್ನೂ ಕಾಯದೆ ನಿಂತಿರುವವನು ನಾನೊಬ್ಬನೇ ಎಂಬುದು ಅರಿವಿಗೆ ಬಂದು ವಿಪರೀತ ಸಂಕೋಚವಾಯಿತು. ಟಿಕೇಟಿಲ್ಲದೆ ನಾಟಕಶಾಲೆಗೆ ನುಗ್ಗಿದವನ ಅಳುಕು ಅದು. ಆದುದರಿಂದ ನಾನೂ ಕಾಯತೊಡಗಿದೆ.

ಮೊದಮೊದಲು ಅಭಿನಯ ಮಿತವಾಗಿಯೇ ಇತ್ತು: ಕೈಗಡಿಯಾರದ ಕಡೆ ಒಂದು ನೋಟ, ರಸ್ತೆಯ ಕಡೆ ಒಂದು ನೋಟ, ಒಂದು ನಿಟ್ಟುಸಿರು. ಆದರೆ ಕಾಯುವುದರಲ್ಲಿ ಒಂದು ವೇಗವುಂಟು. ಅದು ತಾನಾಗಿ ಮುಂದುವರಿಯುತ್ತದೆ. ಕ್ರಮೇಣ ನನ್ನ ಬಾರದ ಮಿತ್ರನಿಗೆ ಒಂದು ಆಕಾರ ಬಂತು, ಸ್ವಭಾವ ಬಂತು. ಶಾಲೆಯ ದಿನಗಳಿಂದಲೂ ಹೇಳಿದ ಹೊತ್ತಿಗೆ ಬಂದವನಲ್ಲ. ತನ್ನ ಮದುವೆಗೂ ತಡವಾಗಿಯೇ ಬಂದಿದ್ದ. ಬಂದ ಮೇಲಾದರೂ ನಾಚಿಕೆಪಡುವನೆ? ಇಲ್ಲ, ನಗುತ್ತಾನೆ! ಆ ನಗುವನ್ನು ನೆನೆದಂತೆಲ್ಲ ನನಗೆ ನಿಜವಾಗಿಯೇ ಕೋಪವೇರಿತು. ಮೇಲಿನ ಗಡಿಯಾರಗಳಲ್ಲಿ ಯಾವುದನ್ನು ನೋಡಿದರೂ ಅವನು ತಡವಾಗಿದ್ದ. ಒಂದರ ಪ್ರಕಾರ ಸ್ವಲ್ಪ, ಇನ್ನೊಂದರ ಪ್ರಕಾರ ಅಕ್ಷಮ್ಯ.

"ನಿಮ್ಮವರೂ ಬರಲಿಲ್ಲವೆ?" ಎಂದು ಪಕ್ಕದಲ್ಲಿ ನಿಂತಿದ್ದ, ಕೆಂಪು ಟೋಪಿಯ ವೃದ್ಧ ಮಹಿಳೆ ಕೇಳಿದರು. ಆಕೆ ತಮ್ಮ ತಂಗಿಯನ್ನು ಕಾಯುತ್ತಿದ್ದರು. "ಅವನು ಯಾವಾಗಲೂ ಹೀಗೆಯೇ, ತಾಯಿ" ಎಂದೆ, ಧ್ವನಿಯಲ್ಲಿ ನೋವಿತ್ತು. ನಾವಿಬ್ಬರೂ ಸಮಯಪಾಲನೆಯನ್ನು ಕುರಿತು ಸವಿಸ್ತಾರವಾಗಿ ಮಾತಾಡಿದೆವು. ಅಷ್ಟರಲ್ಲಿ ಮೂರನೆಯ ಋತು ಆರಂಭವಾಗಿ ಮಳೆ ಹನಿಯಿತು, ತಂಗಿಯೂ ಬಂದರು. ಇನ್ನು ಇವರು ಹೊರಡುತ್ತಾರೆ, ನಾನೂ ನನ್ನ ದಾರಿ ಹಿಡಿಯಬಹುದು ಎಂದುಕೊಳ್ಳುವಷ್ಟರಲ್ಲಿ, ಅಕ್ಕ ತಂಗಿಗೆ ನನ್ನ ವೃತ್ತಾಂತವನ್ನೆಲ್ಲ ನಿವೇದಿಸಿ, ಪರದೇಶಿಯೊಬ್ಬನನ್ನು ಮಳೆಯಲ್ಲಿ ಒಂಟಿಯಾಗಿ ಬಿಟ್ಟುಹೋಗುವುದು ಮನುಷ್ಯತ್ವವಲ್ಲವೆಂದು ತೀರ್ಮಾನಿಸಿ, ಇಬ್ಬರೂ ನನ್ನ ಎರಡು ಪಕ್ಕಗಳಲ್ಲಿ ನಿಂತು ನನ್ನ ಗೆಳೆಯನನ್ನು ಕಾಯತೊಡಗಿದರು!

ವಿಧಿಯಿಲ್ಲದೆ ಜೇಬಿನಿಂದ ಫೋನು ತೆಗೆದೆ. ಕಿವಿಗಿಟ್ಟುಕೊಂಡು, ಆ ಸಭೆಯಲ್ಲಿ ಯಾರಿಗೂ ತಿಳಿಯದೆಂಬ ಭರವಸೆಯಿಂದ ಕನ್ನಡದಲ್ಲಿ ತರಾಟೆಗೆ ತೆಗೆದುಕೊಂಡೆ. "ಎಲ್ಲಯ್ಯಾ ಹಾಳಾಗಿ ಹೋದೆ? ನಾಚಿಕೆಯಾಗಬೇಡವೆ ನಿನಗೆ? ಹೆಂಗಸರು ನಿಂತಿದ್ದಾರಯ್ಯಾ ಮಳೆಯಲ್ಲಿ!" ಹೊರಟಾಗಿನಿಂದ ಒಳಗೇ ಉಳಿದಿದ್ದ ಮಾತೆಲ್ಲ ಹೊರಬಂತು: ಹೋಸಿಯರ್ ಲೇನಿನಲ್ಲಿ ಬೆನ್ನು ತಿರುಗಿಸಿದವರ ಪಾಲಿನದನ್ನೂ ಅವನಿಗೇ ಸಲ್ಲಿಸಿದೆ. ಅಂಥ ಸುಖ ನನಗೆ ಆ ಪ್ರವಾಸದಲ್ಲಿ ಬೇರೆಲ್ಲಿಯೂ ದೊರೆಯಲಿಲ್ಲ.

"ಸಾರ್, ಕನ್ನಡದವರಾ?"

ಬೆನ್ನಿಗೆ ಚೀಲ ತಗುಲಿಸಿಕೊಂಡ ಯುವಕನೊಬ್ಬ ಮೆಟ್ಟಿಲಿಳಿಯುತ್ತಿದ್ದವನು ನಿಂತಿದ್ದ. "ಕ್ಷಮಿಸಿ ಸಾರ್, ಕಿವಿಗೆ ಬಿತ್ತು. ಯಾರೋ ಕೈ ಕೊಟ್ಟಂಗಿದೆ? ಅವರು ಯಾವ ಏರಿಯಾ? ನನ್ನ ಕಾರಿದೆ, ಹೋಗಿ ಕರ್ಕೊಂಡ್ ಬರ್ಲಾ?" ಪರದೇಶದಲ್ಲಿ ಕನ್ನಡಿಗನ ಉಪಕಾರಬುದ್ಧಿಯಷ್ಟು ಭಯಂಕರವಾದುದು ಬೇರೊಂದಿಲ್ಲ. ಎದುರಿಗೆ ಬಂದು ನಿಂತ ಟ್ರಾಮಿನ ಹಣೆಯ ಮೇಲಿದ್ದ ಹೆಸರನ್ನೋದಿ "ಕ್ಯಾಂಬರ್‌ವೆಲ್" ಎಂದೆ. "ಅಯ್ಯೋ, ನಾವಿರೋದೂ ಅಲ್ಲೇ ಸಾರ್!" ಎಂದು ಅವನು ಹಿಗ್ಗಿದ. ಸೋದರಿಯರು ನಾನು ಫೋನಿನಲ್ಲಿ ಏನೆಂದೆನೆಂದು ಅವನನ್ನು ವಿಚಾರಿಸಿದರು. ಆ ಸತ್ಪುತ್ರನು ನನ್ನ ಬೈಗುಳವನ್ನೆಲ್ಲ ಸೋಸಿ, "ಇವರಿಗೆ ಸ್ವಲ್ಪ ಬೇಸರವಾಗಿದೆ" ಎಂದಷ್ಟೇ ತಿಳಿಸಿದ. "ಅಂಥ ಸ್ನೇಹಿತನ ಸಹವಾಸವನ್ನೇ ಬಿಟ್ಟುಬಿಡಿ" ಎಂದರು ಕೆಂಪು ಟೋಪಿಯವರು, ಖಂಡಿತವಾಗಿ. ಆಗ ನನಗೇನಾಯಿತೋ ಹೇಳಲಾರೆ. "ಹಾಗೆನ್ನಬೇಡಿ, ತಾಯಿ. ಸ್ವಭಾವತಃ ಬಹಳ ಒಳ್ಳೆಯವನು" ಎಂದು ಅವನ ಪರವಾಗಿ ವಾದಿಸಿದೆ, ಕಣ್ಣು ಮಂಜಾಯಿತು ಕೂಡ.

ಯುವಕ ನನ್ನ ಫೋನ್ ನಂಬರು ಬರೆದುಕೊಂಡ. ಸೋದರಿಯರು, ಮನಸ್ಸಿನ ಸಮಾಧಾನಕ್ಕೆ ಒಳ್ಳೆಯದೆಂದು, ಸೇತುವೆಯಾಚೆಯ ನ್ಯಾಷನಲ್ ಗ್ಯಾಲರಿಯನ್ನು ವಿಧಿಸಿ ಬೀಳ್ಕೊಟ್ಟರು.

ಕೆಸರುಬಣ್ಣದ ಯಾರಾ ನದಿಯನ್ನು ದಾಟಿ ಹೋದೆ. ಪಿಕಾಸೊ ಬರೆದ ಅಳುವ ಹೆಂಗಸಿನ ಚಿತ್ರವನ್ನು 1986ರಲ್ಲಿ ಕಳ್ಳರು ಕದ್ದೊಯ್ದದ್ದು ಈ ಚಿತ್ರಶಾಲೆಯಿಂದಲೇ; ಕಲೆಗೆ ಸರ್ಕಾರ ಕೊಡುವ ಹಣ ಸಾಲದೆಂದು ಅವರು ಮಂತ್ರಿಗೆ ಪತ್ರವನ್ನೂ ಬರೆದರು. ಚಿತ್ರ ಕೊನೆಗೆ ರೈಲು ನಿಲ್ದಾಣವೊಂದರ ಲಾಕರಿನಲ್ಲಿ ಸಿಕ್ಕಿತು, ಕಳ್ಳರು ಸಿಗಲಿಲ್ಲ. ಒಳಗಿನ ಮಹಾಮಂಟಪದಲ್ಲಿ ಲೆನರ್ಡ್ ಫ್ರೆಂಚ್ ನಿರ್ಮಿಸಿದ ಬಣ್ಣಗಾಜಿನ ಛಾವಣಿಯನ್ನು ನೆಲದ ಮೇಲೆ ಅಂಗಾತ ಮಲಗಿ ನೋಡುವುದೇ ಸಂಪ್ರದಾಯ. ಮಲಗಿದೆ. ಏಳುವುದು ಸ್ವಲ್ಪ ತಡವಾಯಿತು. ಅಷ್ಟು ಹೇಳಿದರೆ ಸಾಕು.

ಮರುದಿನ ಯುದ್ಧಸ್ಮಾರಕದ ಮೆಟ್ಟಿಲ ಮೇಲೆ ನಿಂತು ಉತ್ತರಕ್ಕೆ ನೋಡಿದಾಗ, ನೇರವಾದ ಹೆದ್ದಾರಿಯ ಕೊನೆಯಲ್ಲಿ, ಒಂದು ಗಗನಚುಂಬಿಯ ಮೈಮೇಲೆ ಗಡ್ಡದ ಮುಖವೊಂದು ಕಾಣಿಸಿತು. ಅದು ವುರುಂಜೆರಿ ಜನರ ಮುಖಂಡರೂ ಚಿತ್ರಕಾರರೂ ಆಗಿದ್ದ ವಿಲಿಯಂ ಬರಾಕ್ ಅವರದು. 2015ರಲ್ಲಿ ಮುಗಿದ ಆ ವಸತಿಕಟ್ಟಡದ ಬಾಲ್ಕನಿಗಳ ಬಿಳಿಯ ಅಂಚುಗಳನ್ನೇ ಏರಿಳಿಸಿ ಮುಖವನ್ನು ಮೂಡಿಸಿದ್ದಾರೆ. ನೋಡಬೇಕೆಂದು ಹತ್ತಿರ ಹತ್ತಿರ ಹೋದಂತೆ ಕಣ್ಣು ಹೋಯಿತು, ಗಡ್ಡ ಹೋಯಿತು; ಬುಡಕ್ಕೆ ಬಂದಾಗ ಬರಿಯ ಬಿಳಿಯ ಪಟ್ಟಿಗಳು. 1835ರಲ್ಲಿ, ನನ್ನ ಗೊಣಗಾಟವನ್ನು ಕೇಳಿಸಿಕೊಂಡ ಅದೇ ಬ್ಯಾಟ್‌ಮನ್ನನು ಕಂಬಳಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು ಈ ನೆಲವನ್ನು ಕೊಂಡೆನೆಂದು ಪತ್ರ ಮಾಡಿಕೊಂಡಾಗ ಬಾಲಕ ಬರಾಕ್ ಅಲ್ಲಿದ್ದರಂತೆ. ಆ ಪತ್ರವನ್ನು ಗವರ್ನರು ಅಸಿಂಧುವೆಂದು ಸಾರಿದ. ನೆಲ ಅಲ್ಲಿಯ ಜನರದೆಂದಲ್ಲ, ಮೊದಲೇ ಇಂಗ್ಲೆಂಡಿನ ಅರಸನದೆಂದು! ಮುಂದೆ, ತಮ್ಮ ಜನ ಬೇಸಾಯ ಮಾಡಿಕೊಂಡಿದ್ದ ಕೊರಾಂಡರ್ಕ್ ಎಂಬ ನೆಲೆಯನ್ನೂ ಕಸಿಯಲು ಬಂದಾಗ, ಬರಾಕ್ ಸಂಗಡಿಗರೊಡನೆ ಕಾಲುನಡಿಗೆಯಲ್ಲಿ ಈ ನಗರಕ್ಕೆ ಬಂದು, ಮಂತ್ರಿಗಳ ಮುಂದೆ ಅಹವಾಲು ಹಿಡಿದು ನಿಂತರು. ಒಂದು ಸಲವಲ್ಲ, ಹಲವು ಸಲ. ಅವರು ತೀರಿಕೊಂಡದ್ದು 1903ರಲ್ಲಿ. ಈಗ ಊರು ಅವರಿಗೆ ಮುಖವನ್ನು ಕೊಟ್ಟಿದೆ. ಮನೆಗಳನ್ನು ಬೇರೆಯವರು ಬಾಡಿಗೆಗೆ ಹಿಡಿದಿದ್ದಾರೆ. ನಾನು ಯಾರ ಮೇಲೆಂದು ತಿಳಿಯದೆ ಸಿಟ್ಟಾಗಿ ನಿಂತಿದ್ದೆ.

ಆಗ ಜೇಬಿನ ಫೋನು ಮಿಡುಕಿತು. ನೆನ್ನೆಯ ಯುವಕನ ಸಂದೇಶ. ಕ್ಯಾಂಬರ್‌ವೆಲ್ಲಿನ ಕನ್ನಡಿಗರನ್ನೆಲ್ಲ ವಿಚಾರಿಸಿದನಂತೆ. ಮೈಸೂರಿನ ಕಡೆಯ ಹಿರಿಯರೊಬ್ಬರು, ತಾವು ನೆನ್ನೆ ಯಾರಿಗೋ ಸಿಗುತ್ತೇನೆಂದು ಹೇಳಿ ಮರೆತದ್ದು ನಿಜವೆಂದೂ, ಯಾರಿಗೆಂಬುದೂ ಮರೆತುಹೋಗಿದೆಯೆಂದೂ, ಆದರೆ ಬೈದದ್ದು ನ್ಯಾಯವಾಗಿಯೇ ಇದೆಯೆಂದೂ ಒಪ್ಪಿಕೊಂಡು, ಭಾನುವಾರ ಹನ್ನೆರಡೂವರೆಗೆ ಊಟಕ್ಕೆ ಕರೆದಿದ್ದರು.

ಹೋದೆ. ಬೇಕೆಂದೇ ಒಂದು ಗಂಟೆ ತಡವಾಗಿ.