ಉರಿಗೌಡ, ನಂಜೇಗೌಡರಿಗೆ: ದಾಖಲೆ ಸಮೇತ ಹಾಜರಾಗಿ

ಮಾನ್ಯ ಉರಿಗೌಡರೇ, ನಂಜೇಗೌಡರೇ,

ನಿಮ್ಮ ವಿಳಾಸ ಸಿಗಲಿಲ್ಲ, ಅದಕ್ಕೇ ಈ ಪತ್ರ ಬಹಿರಂಗವಾಗಿದೆ. ಶ್ರೀರಂಗಪಟ್ಟಣದವರು ಪಾಂಡವಪುರದಲ್ಲಿ ಕೇಳಿ ಅಂದರು. ಪಾಂಡವಪುರದವರು ಕೆ.ಆರ್. ಪೇಟೆ ತೋರಿಸಿದರು. ಕೆ.ಆರ್. ಪೇಟೆಯವರು ನಾಗಮಂಗಲದ ಬಸ್ಸು ಹತ್ತಿಸಿ ಕೈತೊಳೆದುಕೊಂಡರು.

1799ರ ಮೇ 4ರಂದು ಟಿಪ್ಪುವನ್ನು ಕೊಂದವರು ನೀವೇ ಎಂದು ನನ್ನ ಮೊಬೈಲು ಆಣೆ ಮಾಡಿ ಹೇಳುತ್ತಿದೆ. ಕೋಟೆಯ ಲೂಟಿಯನ್ನು ಹುದ್ದೆವಾರು ಲೆಕ್ಕ ಹಾಕಿ ಹಂಚಿಕೊಂಡ ಕಂಪನಿಯವರ ಕಡತದಲ್ಲಿ ನಿಮ್ಮ ಹೆಸರು ಇತಿಹಾಸಕಾರರಿಗೆ ಸಿಕ್ಕಿಲ್ಲ. ಹೆಣ ಸಿಕ್ಕ ಜಾಗದ ಕಲ್ಲಿನ ಮೇಲೂ ಇಲ್ಲ. ಸುಲ್ತಾನನನ್ನೇ ಕೆಡವಿ, ಒಂದೆಕರೆ ಇನಾಮು ಕೇಳದೆ ಮನೆಗೆ ಹೋದ ಮಂಡ್ಯದವರನ್ನು ನಾನಂತೂ ಕಂಡಿಲ್ಲ.

ಆಮೇಲೆ 2022ರಲ್ಲಿ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕದಲ್ಲಿ ರಂಗಕ್ಕೆ ಬಂದಿರಿ. 2023ರ ಮಾರ್ಚಿನಲ್ಲಿ ಪ್ರಧಾನಿ ಮಂಡ್ಯಕ್ಕೆ ಬರುವಾಗ ನಿಮ್ಮ ಹೆಸರಿನ ಮಹಾದ್ವಾರವೇ ಎದ್ದಿತು! ಗದ್ದಲವಾದದ್ದೇ ತಡ, ಬೋರ್ಡು ಬದಲಾಗಿ ಬಾಲಗಂಗಾಧರನಾಥ ಸ್ವಾಮೀಜಿ ಹೆಸರು ಬಂತು. ಅದೇ ತಿಂಗಳು ಆಗಿನ ಸಚಿವ ಮುನಿರತ್ನ ನಿಮ್ಮ ಮೇಲೆ ಸಿನಿಮಾ ಘೋಷಿಸಿದರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಕರೆಸಿ ಮಾತಾಡಿದರು, ಸಿನಿಮಾ ನಿಂತಿತು. ಶಾಸನ, ದಾಖಲೆ ಇದ್ದರೆ ತನ್ನಿ, ಇಲ್ಲದಿದ್ದರೆ ಗೊಂದಲ ಬೇಡ ಎಂಬುದು ಅವರ ಮಾತಿನ ಸಾರ. ಇತಿಹಾಸ ಓದಿದವರು ಎಷ್ಟು ಹೇಳಿದರೂ ಆಗದ ಕೆಲಸ ಮಠದ ಒಂದು ಕರೆಗೆ ಆಯಿತು. ಅದಕ್ಕೆ ಖುಷಿಪಡಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ನಿಮ್ಮಿಂದ ನನಗಾದ ನಷ್ಟ ಬೇರೆ. ಹುಟ್ಟಿದ ಊರು ಗೊತ್ತಿಲ್ಲದ ಇಬ್ಬರಿಗೆ ಹೆದ್ದಾರಿಯಲ್ಲಿ ದ್ವಾರ ಕಟ್ಟಿದರು ಎಂದು ನಾನೇ ವಿಡಂಬನೆ ಬರೆದಿದ್ದರೆ, ಸಂಪಾದಕರು ‘ಅತಿಯಾಯಿತು ಸ್ವಾಮಿ’ ಎಂದು ವಾಪಸು ಕಳಿಸುತ್ತಿದ್ದರು.

ನಿಮ್ಮ ಸುದ್ದಿ ಓಡುವಷ್ಟು ನಿಜವಾದ ಸುದ್ದಿ ಓಡುವುದಿಲ್ಲ ಅನ್ನಿ. ಶ್ರೀರಂಗಪಟ್ಟಣದ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸುದ್ದಿಯಾದಾಗ ಎಲ್ಲ ಗ್ರೂಪಿನಲ್ಲೂ ಹಬ್ಬ. ಮರುವರ್ಷ ಅದು 1,600 ಟನ್ನಿಗೆ ಇಳಿಯಿತು. ಆ ಸುದ್ದಿ ನನಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ. ಮಾಡಿದ್ದರೆ ನಿಮಗೂ ಬರುತ್ತಿತ್ತೇನೋ.

ಪಹಣಿಯಲ್ಲಿ ಒಂದಕ್ಷರ ತಿದ್ದಿಸಲು ವಂಶವೃಕ್ಷ, ಆಧಾರ್, ಅಫಿಡವಿಟ್ ಹಿಡಿದು ನಾವು ಅಲೆಯುತ್ತೇವೆ. ನೀವು ಅದೇನೂ ಇಲ್ಲದೆ ಚರಿತ್ರೆಗೇ ಖಾತೆ ಮಾಡಿಸಿಕೊಂಡಿರಿ. ಯಾವ ಕೌಂಟರಿನಲ್ಲಿ ಎಂದು ದಯವಿಟ್ಟು ತಿಳಿಸಿ. ಖುದ್ದಾಗಿ ಬರುವುದಾದರೆ ಮಧ್ಯಾಹ್ನದೊಳಗೆ ಬನ್ನಿ, ಆಮೇಲೆ ಸರ್ವರ್ ಡೌನ್ ಇರುತ್ತದೆ.

ಇಂತಿ,
ತಾಲ್ಲೂಕು ಕಚೇರಿ ಜಗಲಿಯಿಂದ, ಟೋಕನ್ ಹಿಡಿದು ಕೂತಿರುವವನು